ಟಿವಿಯಲ್ಲಿ ದೇಣಿಗೆ ಸಂಗ್ರಹದ ರಾತ್ರಿ: ಮಾವನವರ ಆಕ್ಷೇಪಕ್ಕೆ ಏನು ಹೇಳಲಿ?

ಪ್ರಶ್ನೆ: ರೆಡಿಂಗ್ ಸೊಸೆ

ಎಲ್ಲರಿಗೂ ನಮಸ್ಕಾರ.

ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ನಾಲ್ಕು ವರ್ಷಗಳಾದವು. ಪ್ರತಿ ನವೆಂಬರ್ ತಿಂಗಳ ಒಂದು ಶುಕ್ರವಾರ ರಾತ್ರಿ ಬಿಬಿಸಿ ವನ್ ವಾಹಿನಿಯಲ್ಲಿ ‘ಚಿಲ್ಡ್ರನ್ ಇನ್ ನೀಡ್’ ಪ್ರಸಾರವಾಗುವುದು ಈ ದೇಶದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿ. ಊರಿನಲ್ಲಿದ್ದು ಓದುತ್ತಿರುವವರಿಗಾಗಿ ಎರಡು ಮಾತು ಹೇಳುತ್ತೇನೆ. ಹಾಡು, ಕುಣಿತ, ನಗೆಪ್ರಹಸನಗಳ ನಡುನಡುವೆ, ಕಾಯಿಲೆಯನ್ನೋ ಬಡತನವನ್ನೋ ಮನೆಯವರ ಸಾವನ್ನೋ ಎದುರಿಸುತ್ತಿರುವ ಮಕ್ಕಳ ಕಿರುಚಿತ್ರಗಳನ್ನು ತೋರಿಸಿ, ನೋಡುತ್ತಿರುವವರಿಂದ ಅಲ್ಲಿಯೇ ದೇಣಿಗೆ ಕೇಳುತ್ತಾರೆ, ಸಂಗ್ರಹವಾದ ಮೊತ್ತವನ್ನು ಆಗಾಗ ದೊಡ್ಡ ಫಲಕದ ಮೇಲೆ ತೋರಿಸುತ್ತಾರೆ. ಒಂದು ಕಣ್ಣಿನ ಮೇಲೆ ಚುಕ್ಕೆಬಟ್ಟೆ ಕಟ್ಟಿಕೊಂಡ ಪಡ್ಸಿ ಎಂಬ ಹಳದಿ ಕರಡಿ ಇದರ ಲಾಂಛನ. ಆ ದಿನ ಶಾಲೆಗೆ ಮಕ್ಕಳು ಸಮವಸ್ತ್ರದ ಬದಲು ಚುಕ್ಕೆಯ ಬಟ್ಟೆ ತೊಟ್ಟು, ಕೈಯಲ್ಲೊಂದು ಪೌಂಡ್ ನಾಣ್ಯ ಹಿಡಿದು ಹೋಗುತ್ತಾರೆ.

ಎಂಟು ವರ್ಷದ ನನ್ನ ಮಗಳು ಈ ರಾತ್ರಿಗಾಗಿ ದೀಪಾವಳಿಗೆ ಕಾದಂತೆ ಕಾಯುತ್ತಾಳೆ. ಬೇಗ ಊಟ ಮುಗಿಸಿ, ಸೋಫಾದ ಮೇಲೆ ಕಂಬಳಿ ಹೊದ್ದು, ನಾವು ಮೂವರೂ ಕುಳಿತು ನೋಡುವುದು ಮನೆಯ ಪದ್ಧತಿಯೇ ಆಗಿಬಿಟ್ಟಿದೆ. ಈ ಬಾರಿ ತುಮಕೂರಿನಿಂದ ನಮ್ಮ ಮಾವನವರು ಬಂದಿದ್ದಾರೆ. ಕಳೆದ ವಾರ ಕಾರ್ಯಕ್ರಮದ ಮುನ್ಸೂಚನೆಯಾಗಿ ಒಂದು ಮಗುವಿನ ಚಿತ್ರ ತೆರೆಯ ಮೇಲೆ ಬಂದಾಗ ಅವರು ಕಾಫಿ ಲೋಟವನ್ನು ಕೆಳಗಿಟ್ಟು, “ಆ ಮಗುವಿನ ಮುಖ ತೋರಿಸಿ ದುಡ್ಡು ಕೇಳುವುದು ಸರಿಯೇನಮ್ಮಾ?” ಎಂದು ಕೇಳಿದರು. ಅವರು ಸಿದ್ಧಗಂಗಾ ಮಠದ ವಿದ್ಯಾರ್ಥಿ ನಿಲಯದಲ್ಲಿದ್ದು ಓದಿದವರು. “ನಾನು ಆರು ವರ್ಷ ಮಠದ ಪ್ರಸಾದ ಉಂಡವನು. ಒಂದು ದಿನವೂ ಯಾರೂ ನನ್ನ ಮುಖ ತೋರಿಸಿ ರಾಗಿ ಕೇಳಲಿಲ್ಲ” ಎಂದು ಹೇಳಿ ಸುಮ್ಮನಾದರು. ಬೈದಿದ್ದರೆ ನಾನೂ ಏನಾದರೂ ವಾದಿಸುತ್ತಿದ್ದೆನೇನೋ. ಅವರು ಸುಮ್ಮನಾದದ್ದರಿಂದ ಆ ಮಾತು ಮನಸ್ಸಿನಲ್ಲೇ ಉಳಿದುಕೊಂಡಿದೆ.

ಇದರ ಜೊತೆಗೆ, ಕಳೆದ ವರ್ಷ ಒಂದು ಕಿರುಚಿತ್ರ ನೋಡಿ ಮಗಳು ರಾತ್ರಿ ಬಹಳ ಹೊತ್ತು ಅತ್ತಿದ್ದಳು ಎಂಬ ಅಳುಕೂ ನನಗಿದೆ. ಇಷ್ಟೆಲ್ಲ ಹೇಳಿದ ಮೇಲೂ ಮಾವನವರು ತಮ್ಮ ಕೈಯಿಂದ ಏನಾದರೂ ಕೊಡುತ್ತೇನೆ ಎನ್ನುತ್ತಿದ್ದಾರೆ; ಪ್ರವಾಸಿ ವೀಸಾದ ಮೇಲೆ ಬಂದಿರುವ ಅವರ ಹಣವನ್ನು ನನ್ನ ಹೆಸರಿನಲ್ಲಿ ಕೊಟ್ಟು, ದೇಣಿಗೆಗೆ ಸರ್ಕಾರದಿಂದ ತೆರಿಗೆ ಹಣ ಸೇರಿಸುವ ‘ಗಿಫ್ಟ್ ಏಡ್’ ಹಾಕಿಸಬಹುದೇ ಎಂಬುದೂ ತಿಳಿಯದು. ಈ ಕಾರ್ಯಕ್ರಮವನ್ನು ವರ್ಷಗಟ್ಟಲೆ ನೋಡಿದವರು, ಇಂಥ ಸಂಸ್ಥೆಗಳಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಶುಕ್ರವಾರಕ್ಕೆ ಇನ್ನು ಐದು ದಿನಗಳಿವೆ.


ಉತ್ತರ: ಹಳೆಯ ಬರ್ಮಿಂಗ್‌ಹ್ಯಾಮಿಗ

ಅಮ್ಮಾ, ನಾನು 1979ರಲ್ಲಿ ಈ ದೇಶಕ್ಕೆ ಬಂದ ವೈದ್ಯ, ಈಗ ನಿವೃತ್ತ. ಈ ಕಾರ್ಯಕ್ರಮದ ಮೊದಲ ರಾತ್ರಿಯನ್ನು, ಅಂದರೆ 1980ರ ನವೆಂಬರಿನದನ್ನು, ಬಾಡಿಗೆ ಕೋಣೆಯ ಚಿಕ್ಕ ಟಿವಿಯಲ್ಲಿ ನೋಡಿದವನು ಎಂಬ ಅರ್ಹತೆಯಿಂದ ಬರೆಯುತ್ತಿದ್ದೇನೆ.

ಮಕ್ಕಳಿಗಾಗಿ ಬಿಬಿಸಿ ಹಣ ಕೇಳುವುದು 1980ರಲ್ಲಿ ಹುಟ್ಟಿದ ವಿಚಾರವಲ್ಲ. 1927ರ ಕ್ರಿಸ್‌ಮಸ್ ದಿನ ರೇಡಿಯೊದಲ್ಲಿ ಐದು ನಿಮಿಷಗಳ ಒಂದು ಮನವಿ ಪ್ರಸಾರವಾಗಿ 1,143 ಪೌಂಡ್ ಬಂದಿತ್ತು. 1955ರಿಂದ ಟಿವಿಯಲ್ಲಿಯೂ ಕ್ರಿಸ್‌ಮಸ್ ಹೊತ್ತಿಗೆ ಇಂಥ ಚಿಕ್ಕ ಮನವಿಗಳು ಬರುತ್ತಿದ್ದವು. 1980ರಲ್ಲಿ ಆದ ಬದಲಾವಣೆಯೆಂದರೆ, ಐದು ನಿಮಿಷದ ಮನವಿಯನ್ನು ಒಂದು ಇಡೀ ಸಂಜೆಯಾಗಿ ಹಿಗ್ಗಿಸಿದ್ದು. ಟೆರ್ರಿ ವೋಗನ್, ಎಸ್ತರ್ ರಾಂಟ್ಸನ್, ಸೂ ಲಾಲಿ ನಡೆಸಿಕೊಟ್ಟರು. ಆ ವರ್ಷ 10 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಗ್ರಹವಾಯಿತು. ಮಾತಿಗೂ ಮಾತಿಗೂ ನಡುವೆ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ ಆ ಐರಿಷ್ ಮನುಷ್ಯ ವೋಗನ್ 2014ರವರೆಗೂ ಅಲ್ಲಿ ನಿಂತಿದ್ದರು, 2016ರ ಜನವರಿಯಲ್ಲಿ ತೀರಿಕೊಂಡರು. ನಿಮ್ಮ ಮಗಳಿಗೆ ಇಷ್ಟವಾದ ಕರಡಿ ಬಂದದ್ದು 1985ರಲ್ಲಿ. ಅದನ್ನು ರೂಪಿಸಿದ ಬಿಬಿಸಿಯ ಕಲಾವಿದೆ ಜೊಆನಾ ಲೇನ್ ವೆಸ್ಟ್ ಯಾರ್ಕ್‌ಷೈರಿನ ಪಡ್ಸಿ ಊರಿನವರಾದ್ದರಿಂದ ಕರಡಿಗೂ ಅದೇ ಹೆಸರಾಯಿತು. ಮಕ್ಕಳಿಗೆ ಹೇಳಲು ಚೆನ್ನಾಗಿರುವ ಕಥೆ.

ಆಗ ಕಾರ್ಯಕ್ರಮ ನಡುರಾತ್ರಿ ದಾಟಿ ನಡೆಯುತ್ತಿತ್ತು. ಬಿಬಿಸಿ ವನ್‌ನಲ್ಲಿ ವಾರ್ತೆಯ ಹೊತ್ತಾದಾಗ ಅದನ್ನು ಬಿಬಿಸಿ ಟೂಗೆ ಸಾಗಿಸುತ್ತಿದ್ದರು. ನಾವೂ ಎದ್ದುಹೋಗಿ ಗುಂಡಿ ಒತ್ತಿ ಹಿಂಬಾಲಿಸುತ್ತಿದ್ದೆವು. ಇಡೀ ವರ್ಷ ಗಂಭೀರವಾಗಿ ವಾರ್ತೆ ಓದುವವರು ಆ ಒಂದು ರಾತ್ರಿ ವೇಷ ಹಾಕಿ ಕುಣಿಯುತ್ತಿದ್ದರು. ಈಗ ಸುಮಾರು ಮೂರು ಗಂಟೆಗಳಲ್ಲಿ ಮುಗಿಯುತ್ತದೆ, ನನ್ನಂಥ ಮುದುಕರಿಗೆ ಅದೇ ಅನುಕೂಲ.

ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ಅವರಲ್ಲಿ ಒಂದು ವಿಷಯವನ್ನು ವಿನಯದಿಂದ ಕೇಳಬೇಕೆನಿಸುತ್ತದೆ. ಮಠದ ಕಣಜಕ್ಕೆ ರಾಗಿ ತಾನಾಗಿಯೇ ನಡೆದು ಬಂದಿರಲಾರದು. ಯಾರೋ ಊರೂರಿಗೆ ಹೋಗಿ ಕೇಳಿದ್ದರಿಂದಲೇ ಬಂದಿರುತ್ತದೆ. ಕೇಳುವವರ ಮುಖದ ಮೇಲೆ ಜನರಿಗೆ ನಂಬಿಕೆಯಿದ್ದುದರಿಂದ ಉಣ್ಣುವವರ ಮುಖ ತೋರಿಸುವ ಅಗತ್ಯ ಬೀಳಲಿಲ್ಲ. ಪಕ್ಕದ ಮನೆಯವರ ಹೆಸರೇ ತಿಳಿಯದ ಈ ದೇಶದ ನಗರಗಳಲ್ಲಿ ಆ ನಂಬಿಕೆಯನ್ನು ಎಲ್ಲಿಂದ ತರುವುದು? ನಾನು ಒಬ್ಬಂಟಿಯಾಗಿದ್ದ ಆ ಮೊದಲ ವರ್ಷಗಳಲ್ಲಿ, ಬೀದಿಯ ಎಲ್ಲ ಕಿಟಕಿಗಳಲ್ಲೂ ಒಂದೇ ಕಾರ್ಯಕ್ರಮದ ಬೆಳಕು ಮಿನುಗುತ್ತಿದ್ದುದನ್ನು ಕಂಡು, ಈ ಬೀದಿಯಲ್ಲಿ ನಾನೂ ಒಬ್ಬನು ಎಂದು ಮೊದಲ ಬಾರಿಗೆ ಅನ್ನಿಸಿದ್ದುಂಟು.


ಉತ್ತರ: ಗಾಲಿಕುರ್ಚಿ

ಹಿರಿಯರ ನೆನಪುಗಳನ್ನು ಸಂತೋಷದಿಂದ ಓದಿದೆ. ಆದರೆ ರೆಡಿಂಗ್‌ನ ಸೋದರಿಯ ಮಾವನವರ ಪ್ರಶ್ನೆಗೆ ಅದು ಪೂರ್ಣ ಉತ್ತರವಲ್ಲ ಎಂದು ಹೇಳಬೇಕಾಗಿದೆ, ಏಕೆಂದರೆ ತೆರೆಯ ಆ ಬದಿಯಲ್ಲಿರುವವರ ಪೈಕಿ ನಾನೂ ಒಬ್ಬ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು, ಶಿವಮೊಗ್ಗದಲ್ಲಿ ಊರುಗೋಲಿನೊಂದಿಗೆ ಓದಿ, 1991ರಲ್ಲಿ ವಿದ್ಯಾರ್ಥಿಯಾಗಿ ಲಂಡನ್ನಿಗೆ ಬಂದೆ. (ನನ್ನನ್ನು ‘ವಿಶೇಷ ಚೇತನ’ ಎಂದು ಕರೆಯುವ ಸೌಜನ್ಯ ಬೇಡ; ಅಂಗವಿಕಲ ಎಂದರೆ ಸಾಕು. ನನ್ನ ಚೇತನದಲ್ಲಿ ವಿಶೇಷವೇನೂ ಇಲ್ಲ.)

ಬಿಬಿಸಿಯ ಕಾರ್ಯಕ್ರಮದಂತೆಯೇ ಆ ಕಾಲದಲ್ಲಿ ಐಟಿವಿ ವಾಹಿನಿಯಲ್ಲಿ ‘ಟೆಲಿಥಾನ್’ ಎಂಬುದೊಂದಿತ್ತು. 1988, 1990 ಮತ್ತು 1992ರಲ್ಲಿ, ಒಟ್ಟು ಮೂರು ಬಾರಿ, ಪ್ರತಿ ಸಲವೂ 27 ಗಂಟೆಗಳ ಕಾಲ ನಡೆಯಿತು. ಅಂಗವಿಕಲರಿಗಾಗಿಯೇ ಅದು ಹಣ ಎತ್ತುತ್ತಿತ್ತು. ಹಾಗಿದ್ದೂ 1990ರಲ್ಲಿ ಮತ್ತು ಮತ್ತೆ 1992ರಲ್ಲಿ ಅಂಗವಿಕಲರೇ ಲಂಡನ್ನಿನ ಥೇಮ್ಸ್ ದಂಡೆಯ ಸ್ಟುಡಿಯೊ ಎದುರು ಗುಂಪುಗೂಡಿ ಅದನ್ನು ವಿರೋಧಿಸಿದರು. ಬಾರ್ಬರಾ ಲಿಸಿಕಿ, ಆಲನ್ ಹೋಲ್ಡ್‌ಸ್ವರ್ತ್ ಎಂಬಿಬ್ಬರು ಆ ಚಳವಳಿಯ ಮುಂಚೂಣಿಯಲ್ಲಿದ್ದರು. ಹಣ ಬೇಡವೆಂಬ ಹಟ ಅವರದಾಗಿರಲಿಲ್ಲ. ನಮ್ಮನ್ನು ದುರಂತದ ಪಾತ್ರಗಳನ್ನಾಗಿ ತೋರಿಸಿ ಕಣ್ಣೀರು ತರಿಸಿದರೆ ಆ ರಾತ್ರಿ ದುಡ್ಡು ಹರಿದುಬರುತ್ತದೆ, ಆದರೆ ಮರುದಿನ ಬೆಳಿಗ್ಗೆ ಅದೇ ಪ್ರೇಕ್ಷಕ ನಮಗೆ ಕೆಲಸ ಕೊಡಲು ಹಿಂಜರಿಯುತ್ತಾನೆ, ಬಸ್ಸಿಗೆ ನಾವು ಹತ್ತಲಾಗದ್ದನ್ನು ವಿಧಿಯೆಂದುಕೊಳ್ಳುತ್ತಾನೆ ಎಂಬುದು ಅವರ ವಾದವಾಗಿತ್ತು. 1992ರ ನಂತರ ಆ ಕಾರ್ಯಕ್ರಮ ಮತ್ತೆ ನಡೆಯಲಿಲ್ಲ. ಅಂಗವಿಕಲರ ವಿರುದ್ಧದ ತಾರತಮ್ಯವನ್ನು ನಿಷೇಧಿಸುವ ಕಾಯಿದೆ 1995ರಲ್ಲಿ ಬಂತು. ಅದಕ್ಕೆ ಕಾರಣಗಳು ಅನೇಕವಿದ್ದರೂ ಆ ವರ್ಷಗಳ ಬೀದಿ ಹೋರಾಟಗಳನ್ನು ಬಿಟ್ಟು ಅದರ ಕಥೆ ಹೇಳಲಾಗದು.

ನಾನು ಆ ಪ್ರತಿಭಟನೆಗೆ ಹೋದವನಲ್ಲ. ಹೊಸದಾಗಿ ಬಂದ ವಿದ್ಯಾರ್ಥಿ, ವೀಸಾದ ಭಯ. ಆದರೆ ಆ ಬೇಸಿಗೆಯ ಒಂದು ಮಧ್ಯಾಹ್ನ ಗ್ರಂಥಾಲಯದ ಹೊರಗೆ ಸ್ನೇಹಿತನಿಗಾಗಿ ಕಾಯುತ್ತ ಕುಳಿತಿದ್ದಾಗ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನನ್ನ ತೊಡೆಯ ಮೇಲೆ ತೆರೆದಿದ್ದ ಪುಸ್ತಕದ ಮೇಲೆ ಒಂದು ಪೌಂಡ್ ನಾಣ್ಯ ಇಟ್ಟು, ಮುಗುಳ್ನಕ್ಕು ಹೊರಟುಹೋದರು. ಅವರ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು. ನಾನು ಓದುತ್ತಿದ್ದದ್ದು ಸೇತುವೆಗಳ ವಿನ್ಯಾಸದ ಪಠ್ಯ. ಪುಟದ ಮೇಲೆ ಕುಳಿತ ಆ ನಾಣ್ಯವನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದೆ.

ಆದ್ದರಿಂದ ನಿಮ್ಮ ಮಾವನವರು ಕೇಳಿದ್ದು ಹಳ್ಳಿಯವರ ಸಂಕೋಚವಲ್ಲ, ಈ ದೇಶದಲ್ಲಿಯೇ ಮೂವತ್ತು ವರ್ಷಗಳಿಗೂ ಹಿಂದೆ ಬೀದಿಗೆ ಬಂದ ಪ್ರಶ್ನೆ ಎಂದು ಅವರಿಗೆ ಹೇಳಿ. ಚಿಲ್ಡ್ರನ್ ಇನ್ ನೀಡ್ ಅದೇ ಅಚ್ಚಿನದೆಂದು ನಾನು ಹೇಳುತ್ತಿಲ್ಲ. ಅದರ ಕಿರುಚಿತ್ರಗಳ ಧ್ವನಿ ಕಾಲದಿಂದ ಕಾಲಕ್ಕೆ ಬದಲಾಗಿರುವುದನ್ನು ನಾನೂ ಕಂಡಿದ್ದೇನೆ. ನೋಡುವಾಗ ಒಂದು ಸಂಗತಿಯನ್ನು ಗಮನಿಸಿ: ಕಿರುಚಿತ್ರದಲ್ಲಿ ಮಾತನಾಡುತ್ತಿರುವವರು ಯಾರು? ಮಗು ತನ್ನ ಮಾತಿನಲ್ಲೇ ತನಗೇನು ಬೇಕೆಂದು, ತನಗೇನು ಇಷ್ಟವೆಂದು ಹೇಳುತ್ತಿದೆಯೋ, ಅಥವಾ ಮಗು ಸುಮ್ಮನೆ ಕುಳಿತಿರುವಾಗ ಯಾವನೋ ಪ್ರಸಿದ್ಧ ನಟ ಪಿಯಾನೊ ನಾದದ ಮೇಲೆ ಅದರ ಪರವಾಗಿ ಮರುಗುತ್ತಿದ್ದಾನೋ? ಮೊದಲನೆಯದಾದರೆ ಪೂರ್ತಿ ನೋಡಿ. ಎರಡನೆಯದಾದರೆ ಎದ್ದುಹೋಗಿ ಚಹಾಕ್ಕೆ ನೀರಿಡಿ.


ಉತ್ತರ: ಲೀಡ್ಸ್‌ನ ಅಕ್ಕ

ರೆಡಿಂಗ್ ಸೊಸೆಯವರೇ, ನಾನು ಲೀಡ್ಸ್ ಬಳಿ ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯಲ್ಲಿದ್ದೇನೆ. ನಮಗೆ ಹಿಂದೆ ಈ ನಿಧಿಯಿಂದ ಮೂರು ವರ್ಷಗಳ ಅನುದಾನ ಸಿಕ್ಕಿತ್ತು. ಆದ್ದರಿಂದ ಹಣ ಹೋಗುವ ದಾರಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ತೆರೆಯ ಮೇಲೆ ಕಂಡ ಮಗುವಿಗೇ ತಮ್ಮ ಹತ್ತು ಪೌಂಡ್ ತಲುಪುತ್ತದೆಂದು ಅನೇಕರು ತಿಳಿದಿರುತ್ತಾರೆ.

ಹಾಗೆ ಆಗುವುದಿಲ್ಲ. 1989ರಿಂದ ಚಿಲ್ಡ್ರನ್ ಇನ್ ನೀಡ್ ನೋಂದಾಯಿತ ದತ್ತಿ ಸಂಸ್ಥೆ. ಅದು ಬ್ರಿಟನ್ನಿನ ನಾಲ್ಕೂ ಭಾಗಗಳಲ್ಲಿ 18 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರೊಂದಿಗೆ ಕೆಲಸ ಮಾಡುವ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಅರ್ಜಿ ಹಾಕಬೇಕು, ಎಷ್ಟು ಮಕ್ಕಳಲ್ಲಿ ಯಾವ ಬದಲಾವಣೆ ನಿರೀಕ್ಷಿಸುತ್ತೀರಿ ಎಂದು ಬರೆಯಬೇಕು, ಆಮೇಲೆ ಅದರ ವರದಿ ಒಪ್ಪಿಸಬೇಕು. ನಮ್ಮಲ್ಲಿ ಆ ಹಣ ಹೆಚ್ಚಾಗಿ ಹೋದದ್ದು ಒಬ್ಬ ಕಾರ್ಯಕರ್ತೆಯ ಸಂಬಳಕ್ಕೆ. ವಾರಕ್ಕೆ ಎರಡು ಸಂಜೆ ಆಕೆ ಕೋಣೆ ತೆರೆದಿಟ್ಟು, ಕಾಯಿಲೆಯ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುವ ಮಕ್ಕಳ ಜೊತೆ ಕುಳಿತಿರುತ್ತಿದ್ದರು. ಟೋಸ್ಟ್ ಮಾಡುವುದು, ಹೋಂವರ್ಕ್ ನೋಡುವುದು, ಕೆಲವು ದಿನ ಏನನ್ನೂ ಕೇಳದೆ ಇಸ್ಪೀಟು ಆಡುವುದು. ಸಂಬಳವನ್ನು ಕಿರುಚಿತ್ರದಲ್ಲಿ ತೋರಿಸಲಾಗುವುದಿಲ್ಲ, ಆದರೆ ಆ ಸಂಬಳವಿಲ್ಲದಿದ್ದರೆ ಕೋಣೆಯ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಇನ್ನು ಮುಖ ತೋರಿಸುವ ವಿಚಾರ. ನಮ್ಮ ಮಕ್ಕಳಲ್ಲಿ ಒಬ್ಬನ ಚಿತ್ರೀಕರಣವಾಗಬಹುದೆಂಬ ಮಾತು ಒಮ್ಮೆ ಬಂದಿತ್ತು. ಇದೇ ಕಾರ್ಯಕ್ರಮಕ್ಕಲ್ಲ, ಮತ್ತೊಂದು ಪ್ರಸಾರಕ್ಕೆ. ತಾಯಿ ಒಪ್ಪಿದರು, ಹುಡುಗನೂ ಉತ್ಸಾಹದಿಂದ ಒಪ್ಪಿದ. ಆದರೂ ನಾವು ಬೇಡವೆಂದೆವು, ಏಕೆಂದರೆ ಹನ್ನೊಂದು ವರ್ಷದವನು ಇಂದು ಒಪ್ಪಿದ್ದನ್ನು ಹದಿನೈದರಲ್ಲಿ ಸಹಪಾಠಿಗಳು ಫೋನಿನಲ್ಲಿ ಹುಡುಕಿ ತೆಗೆದು ನಗಬಹುದು. ಇಲ್ಲಿನ ಪ್ರಸಾರ ನಿಯಂತ್ರಕ ಆಫ್‌ಕಾಮ್‌ನ ಸಂಹಿತೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ನಿಯಮವಿದೆ: ಕಾರ್ಯಕ್ರಮದಲ್ಲಿ ಭಾಗವಹಿಸುವ 18 ವರ್ಷದೊಳಗಿನವರ ಕ್ಷೇಮ ಮತ್ತು ಘನತೆಯ ಬಗ್ಗೆ ಪ್ರಸಾರಕರು ತಕ್ಕ ಎಚ್ಚರ ವಹಿಸಲೇಬೇಕು, ಆ ಮಗುವಾಗಲಿ ಹೆತ್ತವರಾಗಲಿ ಒಪ್ಪಿಗೆ ಕೊಟ್ಟಿದ್ದರೂ ಆ ಹೊಣೆ ತಪ್ಪುವುದಿಲ್ಲ. ನಿಮ್ಮ ಮಾವನವರಿಗೆ ಇದನ್ನು ಹೇಳಿದರೆ ಅವರ ಚಿಂತೆ ಪೂರ್ತಿ ಹೋಗಲಾರದು, ಆದರೆ ಅದೇ ಚಿಂತೆಯನ್ನು ಬೇರೆಯವರೂ ಮಾಡಿ ಬರೆದಿಟ್ಟಿದ್ದಾರೆಂದು ತಿಳಿಯುತ್ತದೆ.

ಮಗಳ ಬಗ್ಗೆ: ಅಳುವ ಮಗುವನ್ನು ಟಿವಿಯಿಂದ ಎಬ್ಬಿಸುವುದಕ್ಕಿಂತ, ಚಿತ್ರ ಮುಗಿದ ಕೂಡಲೇ ಬರುವ ಹಾಡಿನ ಸದ್ದನ್ನು ತಗ್ಗಿಸಿ ಎರಡು ನಿಮಿಷ ಮಾತನಾಡುವುದು ಒಳ್ಳೆಯದು. ಮರಣದ ಕಥೆಯಾದ ಮೇಲೆ ಒಮ್ಮೆಗೇ ಬಣ್ಣದ ದೀಪ, ಚಪ್ಪಾಳೆ ಶುರುವಾಗುವುದು ದೊಡ್ಡವರಿಗೇ ಕಷ್ಟ. “ಆ ಹುಡುಗನಿಗೆ ಈಗ ಯಾರು ಜೊತೆಗಿದ್ದಾರೆ?” ಎಂದು ಮಗಳು ಕೇಳಿದರೆ, ಚಿತ್ರದಲ್ಲಿ ಕಂಡ ಕಾರ್ಯಕರ್ತೆಯನ್ನು ನೆನಪಿಸಿ. ಅಳು ಬರುವುದು ಮಗುವಿನ ಅವಸ್ಥೆಗಿಂತ ಹೆಚ್ಚಾಗಿ, ಅದಕ್ಕೆ ಯಾರೂ ಇಲ್ಲವೆಂಬ ಭಾವನೆಗೆ. ನನ್ನ ಕೆಲಸದಲ್ಲಿ ನಾನು ಕಂಡದ್ದು ಇದು. ರಾತ್ರಿ ಒಂಬತ್ತರ ನಂತರದ ಭಾಗವನ್ನು ಮರುದಿನ ಬಿಬಿಸಿಯ ಅಂತರ್ಜಾಲ ಸೇವೆ ಐಪ್ಲೇಯರ್‌ನಲ್ಲಿ ನೀವು ಮೊದಲು ನೋಡಿ, ಆಮೇಲೆ ಅವಳಿಗೆ ತೋರಿಸಬಹುದು.


ಉತ್ತರ: ಲೆಕ್ಕದ ರಾಯರು

ಗಿಫ್ಟ್ ಏಡ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಅಥವಾ ಬಂಡವಾಳ ಲಾಭ ತೆರಿಗೆ ಕಟ್ಟುವವರು ದೇಣಿಗೆ ಕೊಟ್ಟಾಗ, ತಾವು ತೆರಿಗೆ ಕಟ್ಟುವವರೆಂಬ ಘೋಷಣೆಯ ಚೌಕಕ್ಕೆ ಗುರುತು ಹಾಕಿದರೆ, ಸಂಸ್ಥೆಯು ಪ್ರತಿ 1 ಪೌಂಡ್‌ಗೆ 25 ಪೆನ್ಸ್‌ನಂತೆ ಸರ್ಕಾರದಿಂದ ಮರಳಿ ಪಡೆಯುತ್ತದೆ. 20 ಪೌಂಡ್ ಕೊಟ್ಟರೆ ಸಂಸ್ಥೆಗೆ 25 ಆಗುತ್ತದೆ. ಆದರೆ ಹಣ ನಿಮ್ಮದೇ ಆಗಿರಬೇಕು. ಮಾವನವರು ಕೊಟ್ಟದ್ದನ್ನು ನಿಮ್ಮ ಹೆಸರಿನಲ್ಲಿ ಹಾಕಿ ಗುರುತು ಮಾಡುವುದು ತಪ್ಪು, ಮೊತ್ತ ಎಷ್ಟೇ ಚಿಕ್ಕದಿರಲಿ. ಅವರ ಹಣವನ್ನು ಪ್ರತ್ಯೇಕವಾಗಿ ಕೊಟ್ಟು, ಆ ಚೌಕವನ್ನು ಖಾಲಿ ಬಿಡಿ. ನಿಮ್ಮ ಸಂಬಳದಿಂದ ಕೊಡುವುದಕ್ಕೆ ಗುರುತು ಹಾಕಿ. ಅವರಿಗೆ ಭಾರತದಲ್ಲಿ ದೇಣಿಗೆಗಳಿಗೆ ಸಿಗುವ 80ಜಿ ತೆರಿಗೆ ವಿನಾಯಿತಿಯೂ ಇದಕ್ಕೆ ಸಿಗದು. ಅವರು ಕೇಳಿದ್ದೇ ಇಲ್ಲ, ಗೊತ್ತು, ಆದರೂ ಅಭ್ಯಾಸಬಲದಿಂದ ಹೇಳಿದೆ.

ಇನ್ನೊಂದು ಎಚ್ಚರಿಕೆ. ಸಂದೇಶ ಕಳುಹಿಸಿ ಕೊಡುವ ದೇಣಿಗೆ ಫೋನ್ ಬಿಲ್ಲಿಗೆ ಸೇರುತ್ತದೆ. ಅದಕ್ಕೆ 16 ವರ್ಷ ಆಗಿರಬೇಕು, ಬಿಲ್ ಕಟ್ಟುವವರ ಒಪ್ಪಿಗೆ ಬೇಕು. ನನ್ನ ಮೊಮ್ಮಗ ಒಂದು ವರ್ಷ ಅವನ ತಾಯಿಯ ಫೋನಿನಿಂದ ಅದೇ ಸಂದೇಶವನ್ನು ಆರು ಸಲ ಕಳುಹಿಸಿದ್ದ. ಪರದೆಯ ಮೇಲಿನ ಮೊತ್ತ ಅದರಿಂದಲೇ ಏರುತ್ತಿದೆಯೆಂದು ನಂಬಿದ್ದನಂತೆ.


ಉತ್ತರ: ಬಸವನಗುಡಿಯಿಂದ

ಊರಿನಲ್ಲಿದ್ದು ಓದುತ್ತಿರುವವರಲ್ಲಿ ನಾನೊಬ್ಬ. ನಮ್ಮಲ್ಲಿ ಇಂಥದ್ದು ಇಲ್ಲವೆಂದೇನಲ್ಲ. ಕೇರಳದ ಪ್ರವಾಹದ ನಂತರ 2018ರ ಆಗಸ್ಟ್ 26ರಂದು ಎನ್‌ಡಿಟಿವಿ ಆರು ಗಂಟೆಗಳ ಟೆಲಿಥಾನ್ ನಡೆಸಿ 10 ಕೋಟಿ ರೂಪಾಯಿಗಳಿಗೂ ಹೆಚ್ಚು ಸಂಗ್ರಹಿಸಿತ್ತು. ಆದರೆ ಪ್ರತಿ ವರ್ಷ ಒಂದು ನಿಗದಿತ ರಾತ್ರಿ ಇಡೀ ಮನೆ ಕುಳಿತು ನೋಡುವ ರೂಢಿ ಬೆಳೆಯಲಿಲ್ಲ.

ಇಲ್ಲಿನ ಕಾಯಿಲೆಯೇ ಬೇರೆ. ಅಲ್ಲಿ ಕ್ಯಾಮೆರಾ ಪಡೆಯುವವರ ಮೇಲೆ ಬೀಳುತ್ತದೆ ಎಂದು ನೀವು ಚರ್ಚಿಸುತ್ತಿದ್ದೀರಿ. ನಮ್ಮಲ್ಲಿ ಅದು ಕೊಡುವವರ ಮೇಲೆ ಬೀಳುತ್ತದೆ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಎಷ್ಟು ದೊಡ್ಡದಾಗಿರುತ್ತದೆಂದರೆ, ಬೆಳಕಿಗೆ ಜಾಗವೇ ಉಳಿದಿರುವುದಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಒಂದು ಅಕ್ಕಿಚೀಲವನ್ನು ಎಂಟು ಜನ ಹಿಡಿದುಕೊಂಡು, ಪಡೆಯುವ ಹೆಂಗಸನ್ನು ಮಧ್ಯೆ ನಿಲ್ಲಿಸಿ ಫೋಟೊ ತೆಗೆಸಿಕೊಂಡದ್ದನ್ನು ನಮ್ಮ ಬೀದಿಯಲ್ಲೇ ಕಂಡೆ. ಆ ಏಪ್ರಿಲ್‌ನಲ್ಲಿ ರಾಜಸ್ಥಾನ ಸರ್ಕಾರ ಆಹಾರ ಹಂಚುವಾಗ ಫೋಟೊ ತೆಗೆಯುವುದನ್ನೇ ನಿಷೇಧಿಸಬೇಕಾಯಿತು. ಇದಕ್ಕೆ ಹೋಲಿಸಿದರೆ, ಕೊಟ್ಟವರ ಹೆಸರಿಲ್ಲದೆ ಬರೀ ಒಂದು ಒಟ್ಟು ಮೊತ್ತ ಮಾತ್ರ ತೆರೆಯ ಮೇಲೆ ಏರುವುದು ನನಗಂತೂ ಸಭ್ಯವಾಗಿ ಕಾಣುತ್ತದೆ. ಹತ್ತು ಪೌಂಡ್ ಕೊಟ್ಟವನೂ ಹತ್ತು ಸಾವಿರ ಕೊಟ್ಟವನೂ ಆ ಅಂಕಿಯಲ್ಲಿ ಕರಗಿಹೋಗುತ್ತಾರಲ್ಲವೇ?


ಉತ್ತರ: ಗಾಲಿಕುರ್ಚಿ

ಬಸವನಗುಡಿಯವರೇ, ಪೂರ್ತಿ ಕರಗುವುದಿಲ್ಲ. ದೊಡ್ಡ ಕಂಪನಿಗಳ ಪ್ರತಿನಿಧಿಗಳು ವೇದಿಕೆಗೆ ಬಂದು ಮೊತ್ತ ಬರೆದ ಆಳೆತ್ತರದ ಚೆಕ್ ಹಿಡಿದು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಟ್ಯೂಬ್‌ಲೈಟ್ ಇಲ್ಲಿಯೂ ಇದೆ. ಆದರೆ ನಿಮ್ಮ ಮಾತಿನ ಅರ್ಧ ಒಪ್ಪಿದೆ.


ಉತ್ತರ: ಹಳೆಯ ಬರ್ಮಿಂಗ್‌ಹ್ಯಾಮಿಗ

ಗಾಲಿಕುರ್ಚಿಯವರ ಬರಹವನ್ನು ಎರಡು ಸಲ ಓದಿದೆ. 1992ರ ಆ ಪ್ರತಿಭಟನೆಯನ್ನು ನಾನು ಆಗ ವಾರ್ತೆಯಲ್ಲಿ ಕಂಡು, ಒಳ್ಳೆಯ ಕೆಲಸಕ್ಕೂ ಅಡ್ಡಿ ಮಾಡುತ್ತಾರಲ್ಲ ಎಂದು ಗೊಣಗಿದ್ದು ನೆನಪಿದೆ. ಆಸ್ಪತ್ರೆಯಲ್ಲಿ ದಿನವೂ ಅಂಗವಿಕಲ ರೋಗಿಗಳನ್ನು ನೋಡುತ್ತಿದ್ದ ನನಗೆ, ಅವರಲ್ಲಿ ಒಬ್ಬರನ್ನೂ ಆ ಬಗ್ಗೆ ಕೇಳಬೇಕೆಂದು ಹೊಳೆಯಲಿಲ್ಲ. ಇಷ್ಟು ಹೇಳಿ ನಿಲ್ಲಿಸುತ್ತೇನೆ.


ಉತ್ತರ: ರೆಡಿಂಗ್ ಸೊಸೆ

ಎಲ್ಲರಿಗೂ ಕೃತಜ್ಞತೆಗಳು. ಕಾರ್ಯಕ್ರಮ ನಿನ್ನೆ ರಾತ್ರಿ ಆಯಿತು. ಈಗ ಶನಿವಾರ ಬೆಳಿಗ್ಗೆ, ಮನೆಯವರೆಲ್ಲ ಏಳುವ ಮೊದಲು ಬರೆಯುತ್ತಿದ್ದೇನೆ.

ಗುರುವಾರ ರಾತ್ರಿ ಊಟವಾದ ಮೇಲೆ ನಿಮ್ಮೆಲ್ಲರ ಉತ್ತರಗಳನ್ನು ಮಾವನವರಿಗೆ ಓದಿ ಹೇಳಿದೆ. ಬರ್ಮಿಂಗ್‌ಹ್ಯಾಮಿನ ಹಿರಿಯರು ರಾಗಿಯ ಬಗ್ಗೆ ಕೇಳಿದ್ದಕ್ಕೆ ಅವರು ನಕ್ಕು, “ಹೌದು, ಕೇಳದೆ ಯಾರು ಕೊಡುತ್ತಾರೆ. ಆದರೆ ಸ್ವಾಮಿಗಳು ಕೇಳಿದರು, ನಮ್ಮನ್ನು ಕೇಳಲು ಕಳಿಸಲಿಲ್ಲ” ಎಂದರು. ಪುಸ್ತಕದ ಮೇಲೆ ನಾಣ್ಯ ಇಟ್ಟ ಪ್ರಸಂಗಕ್ಕೆ ಏನೂ ಹೇಳದೆ ಸುಮ್ಮನಿದ್ದರು, ಸ್ವಲ್ಪ ಹೊತ್ತಿನ ನಂತರ ಆ ಭಾಗವನ್ನು ಮತ್ತೊಮ್ಮೆ ಓದಲು ಹೇಳಿದರು.

ಶುಕ್ರವಾರ ಏಳು ಗಂಟೆಗೆ ಅವರೂ ಬಂದು ಕುಳಿತರು. ಚಪಾತಿ, ಎಣ್ಣೆಗಾಯಿ ಮಾಡಿದ್ದೆ. ಮಗಳು ಶಾಲೆಗೆ ತೊಟ್ಟುಹೋಗಿದ್ದ ಚುಕ್ಕೆಯ ಅಂಗಿಯಲ್ಲೇ ಇದ್ದಳು, ತಾತನ ಬಿಳಿ ಕರವಸ್ತ್ರದ ಮೇಲೆ ಸ್ಕೆಚ್ ಪೆನ್ನಿನಿಂದ ಚುಕ್ಕೆಗಳನ್ನಿಟ್ಟು ಅವರ ಹಣೆಗೂ ಕಟ್ಟಿದ್ದಳು. ಕುಣಿತದ ಭಾಗಗಳಲ್ಲಿ ಮಾವನವರಿಗೆ ನಿದ್ದೆ ಬಂತು. ಆದರೆ ಪ್ರತಿ ಕಿರುಚಿತ್ರ ಶುರುವಾದಾಗಲೂ ಎದ್ದು ನೇರವಾಗಿ ಕುಳಿತು, “ಮಾತನಾಡುತ್ತಿರುವುದು ಯಾರು?” ಎಂದು ಕೇಳುತ್ತಿದ್ದರು. ಎರಡನೆಯ ಚಿತ್ರದ ಹೊತ್ತಿಗೆ ಮಗಳೂ ಅದನ್ನೇ ಕೇಳತೊಡಗಿದಳು, ಮತ್ತು ಒಂದು ಚಿತ್ರದ ನಡುವೆ, “ಇದರಲ್ಲಿ ಆ ಹುಡುಗಿ ಏನೂ ಹೇಳುತ್ತಿಲ್ಲ, ನೀರಿಡಲಾ?” ಎಂದಳು. ಅಮ್ಮನನ್ನು ನೋಡಿಕೊಳ್ಳುವ ಒಬ್ಬ ಹುಡುಗನ ಚಿತ್ರ ಬಂದಾಗ ಮಾತ್ರ ಅವಳ ಕಣ್ಣು ತುಂಬಿತು. ಲೀಡ್ಸ್‌ನ ಅಕ್ಕ ಹೇಳಿದಂತೆ ಸದ್ದು ತಗ್ಗಿಸಿದೆ. ನಾನು ಮಾತು ಹುಡುಕುವಷ್ಟರಲ್ಲಿ ಮಾವನವರೇ, ತಾವು ಹತ್ತು ವರ್ಷದವರಾಗಿ ಮಠಕ್ಕೆ ಬಂದ ಮೊದಲ ರಾತ್ರಿ ಪಕ್ಕದ ಚಾಪೆಯ ಹುಡುಗ ಅರ್ಧ ಕಂಬಳಿ ಕೊಟ್ಟ ಕಥೆ ಹೇಳಿದರು. ಹನ್ನೆರಡು ವರ್ಷಗಳಿಂದ ಈ ಮನೆಯ ಸೊಸೆಯಾಗಿರುವ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಅವರು ಕೋಟಿನ ಒಳಜೇಬಿನಿಂದ 20 ಪೌಂಡ್‌ನ ಒಂದು ನೋಟು ತೆಗೆದುಕೊಟ್ಟರು. ಲೆಕ್ಕದ ರಾಯರ ಮಾತಿನಂತೆ ಅದನ್ನು ಬೇರೆಯಾಗಿಯೇ ಕೊಟ್ಟು ಚೌಕವನ್ನು ಖಾಲಿ ಬಿಟ್ಟೆ. ನನ್ನದಕ್ಕೆ ಗುರುತು ಹಾಕಿದೆ. ಅವರು ನೋಟು ಕೊಡುವಾಗ, ಹಣೆಯ ಮೇಲಿನ ಚುಕ್ಕೆ ಕರವಸ್ತ್ರದೊಂದಿಗೆ ಬಹಳ ಚೆನ್ನಾಗಿ ಕಾಣುತ್ತಿದ್ದರೆಂದು ನಾನು ಒಂದು ಫೋಟೊ ತೆಗೆದಿದ್ದೆ. ಊರಿನ ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆಂದಾಗ, “ಕರಡಿಯ ವೇಷದ್ದು ಹಾಕಮ್ಮ, ನೋಟು ಹಿಡಿದದ್ದು ಬೇಡ” ಎಂದರು. ಆದ್ದರಿಂದ ಕರವಸ್ತ್ರದ ಫೋಟೊ ಮಾತ್ರ ಹೋಗಿದೆ.

ಕೊನೆಯ ಮೊತ್ತ ಬರುವ ಹೊತ್ತಿಗೆ ತಾತ ಮೊಮ್ಮಗಳು ಇಬ್ಬರೂ ಸೋಫಾದ ಮೇಲೆ ನಿದ್ದೆ ಹೋಗಿದ್ದರು. ಮಾರ್ಚ್‌ನಲ್ಲಿ ಇಂಥದೇ ಮತ್ತೊಂದು ದೇಣಿಗೆಯ ರಾತ್ರಿಯಾದ ಕಾಮಿಕ್ ರಿಲೀಫ್‌ನ ‘ಕೆಂಪು ಮೂಗಿನ ದಿನ’ ಬರುವಷ್ಟರಲ್ಲಿ ಮಾವನವರು ತುಮಕೂರಿನಲ್ಲಿರುತ್ತಾರೆ. ಅದನ್ನೂ ವಿಡಿಯೊ ಕರೆಯಲ್ಲಿ ಒಟ್ಟಿಗೆ ನೋಡಬೇಕೆಂದು ಮಗಳು ಈಗಲೇ ಮಾತು ಪಡೆದಿದ್ದಾಳೆ. ಇಲ್ಲಿ ಸಂಜೆ ಏಳು ಗಂಟೆಯಾದಾಗ ಅಲ್ಲಿ ನಡುರಾತ್ರಿ ಹನ್ನೆರಡೂವರೆ ಎಂಬುದನ್ನು ಇಬ್ಬರಿಗೂ ನಾನಿನ್ನೂ ಹೇಳಿಲ್ಲ.